ಕೆರೆಯ ಕೆಸರಿನಲ್ಲಿ ಕಬ್ಬಿಣದ ಚರಿತ್ರೆ

ಇಂಗ್ಲಿಷ್ ಸಾಹಿತ್ಯವನ್ನು ಪಠ್ಯವಾಗಿ ಓದಿದ ನಮ್ಮಂಥವರಿಗೆ ಎಸ್ತ್‌ವೇಟ್ ಎಂಬ ಸರೋವರದ ಹೆಸರು ವರ್ಡ್ಸ್‌ವರ್ತನ ಮೂಲಕ ಪರಿಚಿತ. ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಸೀಮೆಯಲ್ಲಿ, ಹಾಕ್ಸ್‌ಹೆಡ್ ಎಂಬ ಸಣ್ಣ ಊರಿನ ಪಕ್ಕದಲ್ಲಿ ಅದು ಇದೆ. ಕವಿ 1779ರಿಂದ 1787ರವರೆಗೆ ಆ ಊರಿನ ಶಾಲೆಯಲ್ಲಿ ಕಲಿತನು. ಶಾಲೆಗೆ ಸೇರಿದ ಹೊಸತರಲ್ಲಿ, ಆ ನೀರಿನಲ್ಲಿ ಮುಳುಗಿದವನೊಬ್ಬನ ಶವವನ್ನು ಜನ ಮೇಲೆತ್ತಿದ್ದನ್ನು ಕಂಡುದಾಗಿ ‘ದಿ ಪ್ರಿಲ್ಯೂಡ್’ ಕಾವ್ಯದಲ್ಲಿ ಹೇಳಿಕೊಂಡಿದ್ದಾನೆ. ಸುಮಾರು ನೂರರುವತ್ತು ವರ್ಷಗಳ ತರುವಾಯ ಅದೇ ಸರೋವರದ ತಳದಿಂದ ಇನ್ನೊಬ್ಬ ತರುಣರು ಕೆಸರನ್ನು ಮೇಲೆತ್ತಿದರು. ಕ್ಲಿಫರ್ಡ್ ಮಾರ್ಟಿಮರ್ ಎಂಬ ಆ ವಿಜ್ಞಾನಿ ಆ ಕೆಸರಿನಲ್ಲಿ ಕಂಡುಕೊಂಡ ಸಂಗತಿ ಇಂದಿಗೂ ಲೋಕದ ಕೆರೆಗಳ ಅಳಿವು ಉಳಿವಿನ ಲೆಕ್ಕದಲ್ಲಿ ಬಳಕೆಯಾಗುತ್ತಿದೆ. ಆ ಸಂಗತಿ ಕಬ್ಬಿಣಕ್ಕೆ ಸಂಬಂಧಿಸಿದ್ದು.

ಸಿಹಿನೀರಿನ ಸರೋವರಕ್ಕೂ ಕಬ್ಬಿಣಕ್ಕೂ ಏನು ನಂಟು ಎಂದು ಕೇಳಬಹುದು. ಕೆರೆ ಕೆಡುವುದು ಕೊಳಚೆಯಿಂದ ಎಂಬುದು ನಮಗೆಲ್ಲ ಗೊತ್ತು. ಆದರೆ ಕೊಳಚೆಯನ್ನು ನಿಲ್ಲಿಸಿದ ಮೇಲೂ ಹಲವು ಸರೋವರಗಳು ಹತ್ತು ಇಪ್ಪತ್ತು ವರ್ಷ ಪಾಚಿಗಟ್ಟಿಕೊಂಡೇ ಉಳಿಯುತ್ತವೆ. ಹೊರಗಿನಿಂದ ಬರುವುದು ನಿಂತ ಮೇಲೆ ಒಳಗಿನಿಂದ ಕೊಡುತ್ತಿರುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದ ದಾರಿ ಕುಲುಮೆಯಿಂದ ಹೊರಟು ಪ್ರಯೋಗಶಾಲೆಗೆ ಬಂದು ಮರಳಿ ಕೆರೆಗೆ ಇಳಿಯುತ್ತದೆ. ಆ ದಾರಿಯನ್ನೇ ನಾವಿಲ್ಲಿ ಹಿಂಬಾಲಿಸೋಣ.

ಕುಲುಮೆಯಿಂದಲೇ ಆರಂಭಿಸಬೇಕು. ಸ್ವೀಡನ್ ದೇಶದ ದಕ್ಷಿಣದಲ್ಲಿ ಸ್ಮೋಲಾಂಡ್ ಎಂಬ ಪ್ರಾಂತವಿದೆ. ಅಲ್ಲಿ ನೂರಾರು ಸರೋವರಗಳು. ಆ ಸರೋವರಗಳ ತಳದಲ್ಲಿ, ಆಳವಿಲ್ಲದ ಕಡೆ, ಕಬ್ಬಿಣದ ಅದಿರು ಉಂಡೆಗಳಾಗಿ ಬಿಲ್ಲೆಗಳಾಗಿ ಬೆಳೆಯುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ರೈತರು ಮಂಜುಗಡ್ಡೆಯಲ್ಲಿ ಕಿಂಡಿ ಕೊರೆದು, ಉದ್ದ ಹಿಡಿಯ ಕುಂಟೆಗಳಿಂದ ತಳವನ್ನು ಗೋರಿ ಅದಿರನ್ನು ಮೇಲೆತ್ತುತ್ತಿದ್ದರು. ಅದರ ಆಕಾರ ನೋಡಿ ನಾಣ್ಯದ ಅದಿರು, ಬಟಾಣಿ ಅದಿರು, ಮುತ್ತಿನ ಅದಿರು ಎಂದು ಹೆಸರಿಟ್ಟಿದ್ದರು. ಗೋರಿದ ಜಾಗದಲ್ಲಿ ಕೆಲವು ದಶಕಗಳಲ್ಲಿ ಅದಿರು ಮತ್ತೆ ಬೆಳೆಯುತ್ತದೆ ಎಂಬುದು ಅವರ ಅನುಭವ. ಗಣಿಯೊಂದು ಹೊಲದಂತೆ ಮರಳಿ ಫಸಲು ಕೊಡುವುದು ಅಪರೂಪದ ಮಾತು.

ಆದರೆ ಈ ಅದಿರಿನ ಕಬ್ಬಿಣಕ್ಕೆ ಒಂದು ಕೆಟ್ಟ ಹೆಸರಿತ್ತು. ಕಾದಿರುವಾಗ ಚೆನ್ನಾಗಿ ಬಡಿಸಿಕೊಳ್ಳುತ್ತಿದ್ದ ಅದು, ತಣ್ಣಗಾದ ಮೇಲೆ ಪೆಟ್ಟು ಬಿದ್ದರೆ ಥಟ್ಟನೆ ಮುರಿಯುತ್ತಿತ್ತು. ಸಲಾಕೆಗೂ ಕೊಡಲಿಗೂ ಅದು ಒದಗದು. ಒಲೆ ಮೊದಲಾದ ಎರಕದ ಸಾಮಾನುಗಳಿಗೆ ಮಾತ್ರ ಅದು ಚೆನ್ನ. ಏಕೆಂದರೆ ಕರಗಿದಾಗ ಅದು ನೀರಿನಂತೆ ಹರಿದು ಅಚ್ಚಿನ ಸಂದುಗೊಂದುಗಳನ್ನು ತುಂಬುತ್ತಿತ್ತು. ಉಪ್ಸಾಲಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಟೋರ್ಬರ್ನ್ ಬೆರ್ಗ್‌ಮನ್ 1780ರ ದಶಕದ ಆರಂಭದಲ್ಲಿ ಈ ದೋಷದ ಮೂಲ ಹುಡುಕಲು ಹೊರಟನು. ಇಂತಹ ಕಬ್ಬಿಣವನ್ನು ಆಮ್ಲದಲ್ಲಿ ಕರಗಿಸಿದಾಗ ಬಿಳಿಯ ಪುಡಿಯೊಂದು ಉಳಿಯಿತು. ಅದು ಹೊಸ ಲೋಹವೊಂದರ ಕುರುಹೆಂದು ಅವನು ಬಗೆದು ‘ಸಿಡೆರಮ್’ ಎಂದು ಹೆಸರಿಟ್ಟನು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಮೇಯರ್ ಮತ್ತು ಕ್ಲಾಪ್ರೋಟ್ ಅದು ಹೊಸ ಲೋಹವಲ್ಲವೆಂದೂ ಕಬ್ಬಿಣವು ರಂಜಕದ ಆಮ್ಲದೊಡನೆ ಕೂಡಿ ಆದ ಲವಣವೆಂದೂ ತೋರಿಸಿದರು. ಅಂದರೆ ಕಬ್ಬಿಣ ಮುರಿಯುತ್ತಿದ್ದುದಕ್ಕೆ ಕಾರಣ ಅದರೊಳಗಿನ ರಂಜಕ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ರಂಜಕವು ಸರೋವರದ ಅದಿರಿನೊಳಗೆ ಬಂದದ್ದು ಹೇಗೆ? ಇಂದು ಉತ್ತರ ಸುಲಭ. ನೀರಿನಲ್ಲಿ ತುಕ್ಕಾಗಿ ಬೇರ್ಪಡುವ ಕಬ್ಬಿಣವು ಸುತ್ತಲಿನ ಫಾಸ್ಫೇಟನ್ನು, ಅಂದರೆ ರಂಜಕದ ಲವಣವನ್ನು, ತನಗೆ ಅಂಟಿಸಿಕೊಂಡೇ ತಳಕ್ಕಿಳಿಯುತ್ತದೆ. ಸ್ಮೋಲಾಂಡಿನ ಕಮ್ಮಾರನು ತಣ್ಣಗೆ ಮುರಿದ ಸಲಾಕೆಯನ್ನು ಹಿಡಿದು ಶಪಿಸುತ್ತಿದ್ದಾಗ ಅವನ ಕೈಯಲ್ಲಿದ್ದದ್ದು ಸರೋವರ ವಿಜ್ಞಾನದ ಒಂದು ಮುಖ್ಯ ಸತ್ಯ. ಅದನ್ನು ನೀರಿನ ಕಡೆಯಿಂದ ಓದಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು.

ನಡುವೆ ಕುಲುಮೆಯ ಸಮಸ್ಯೆ ಬಗೆಹರಿಯಿತು. ಕರಗಿದ ಕಬ್ಬಿಣದಿಂದ ರಂಜಕವನ್ನು ಬೇರ್ಪಡಿಸುವ ಉಪಾಯವನ್ನು 1870ರ ದಶಕದ ಕೊನೆಯಲ್ಲಿ ಕಂಡುಹಿಡಿದವನು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ಇವನು ಲಂಡನ್ನಿನ ಪೊಲೀಸ್ ನ್ಯಾಯಾಲಯವೊಂದರಲ್ಲಿ ಗುಮಾಸ್ತ. ಹಗಲು ಕಡತ, ರಾತ್ರಿ ರಸಾಯನಶಾಸ್ತ್ರ. ಕುಲುಮೆಯ ಒಳಗೋಡೆಗೆ ಸುಣ್ಣದ ಅಂಶವುಳ್ಳ ಇಟ್ಟಿಗೆ ಹಾಕಿದರೆ ರಂಜಕವು ಕಿಟ್ಟದೊಳಗೆ ಸೇರಿಕೊಳ್ಳುತ್ತದೆ ಎಂದು ಅವನು ತೋರಿಸಿದನು. ಸರ್ಕಾರಿ ಕಚೇರಿಯಲ್ಲಿ ಆಯುಷ್ಯ ಸವೆಸುತ್ತಿರುವ ನಮಗೆ ಈ ಗುಮಾಸ್ತನ ಮೇಲೆ ಸಹಜವಾಗಿಯೇ ಅಭಿಮಾನ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಆ ಕಿಟ್ಟವನ್ನು ಪುಡಿಮಾಡಿ ಯುರೋಪಿನ ಹೊಲಗಳಿಗೆ ಗೊಬ್ಬರವಾಗಿ ಚೆಲ್ಲಿದರು. ಕಬ್ಬಿಣದಿಂದ ಬಿಡಿಸಿಕೊಂಡ ರಂಜಕ ಮಣ್ಣು ಸೇರಿತು. ಇಪ್ಪತ್ತನೆಯ ಶತಮಾನದಲ್ಲಿ ಗೊಬ್ಬರ, ಚರಂಡಿ, ಬಟ್ಟೆ ತೊಳೆಯುವ ಪುಡಿ ಇವುಗಳೆಲ್ಲದರ ರಂಜಕ ಹರಿದು ನೀರು ಸೇರಿತು. ಅಲ್ಲಿ ಅದಕ್ಕಾಗಿ ಮತ್ತೆ ಕಬ್ಬಿಣ ಕಾದಿತ್ತು.

ಸರೋವರವನ್ನು ಒಂದು ಸಮಗ್ರ ವಸ್ತುವಾಗಿ ಅಭ್ಯಾಸ ಮಾಡುವ ಶಾಸ್ತ್ರವನ್ನು ಆರಂಭಿಸಿದವರು ಸ್ವಿಟ್ಸರ್ಲೆಂಡಿನ ಫೋರೆಲ್. ಜಿನೀವಾ ಸರೋವರವನ್ನು ಕುರಿತ ಅವರ ಮಹಾಗ್ರಂಥದ ಮೊದಲ ಸಂಪುಟ 1892ರಲ್ಲಿ ಹೊರಬಂದಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬರ್ಜ್ ಮತ್ತು ಜೂಡೆ ಎಂಬ ಇಬ್ಬರು, ಬೇಸಿಗೆಯಲ್ಲಿ ಸರೋವರವು ಎರಡು ಅಂತಸ್ತುಗಳಾಗಿ ಒಡೆಯುವುದನ್ನು ವಿವರವಾಗಿ ಅಳೆದರು. ಮೇಲೆ ಬಿಸಿಲಿಗೆ ಕಾದ ಹಗುರ ನೀರು. ಕೆಳಗೆ ತಣ್ಣನೆಯ ಭಾರ ನೀರು. ಇವೆರಡೂ ತಿಂಗಳುಗಟ್ಟಲೆ ಬೆರೆಯುವುದಿಲ್ಲ. ಮೇಲಿನಿಂದ ಸತ್ತ ಪಾಚಿ ಉದುರಿ ಕೆಳಗೆ ಕೊಳೆಯುತ್ತದೆ; ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ; ಗಾಳಿಯ ಸಂಪರ್ಕವಿಲ್ಲದ ಕೆಳಗಿನ ನೀರಿಗೆ ಅದು ಮರಳಿ ದೊರೆಯುವುದಿಲ್ಲ. ಸ್ಮೋಲಾಂಡಿನ ಅನೆಬೋಡಾದಲ್ಲಿ ಕೆಲಸ ಮಾಡುತ್ತಿದ್ದ ಐನಾರ್ ನೌಮನ್ ಮತ್ತು ಜರ್ಮನಿಯ ಔಗುಸ್ಟ್ ಟೀನೆಮನ್ 1922ರಲ್ಲಿ ಸರೋವರ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದರು. ಬಡ ಪೋಷಣೆಯ ಸರೋವರ, ಅತಿ ಪೋಷಣೆಯ ಸರೋವರ ಎಂಬ ವರ್ಗೀಕರಣವನ್ನು ರೂಢಿಗೆ ತಂದವರೂ ಇವರೇ. ತಮ್ಮ ಪ್ರಾಂತದ ಸರೋವರದ ಅದಿರನ್ನೂ ಅದನ್ನು ಕಟ್ಟುವ ಬ್ಯಾಕ್ಟೀರಿಯಗಳನ್ನೂ ನೌಮನ್ ಬಲ್ಲವರಾಗಿದ್ದರು.

ನೀರಿನ ಕಡೆಯಿಂದ ಮೊದಲ ಸ್ಪಷ್ಟ ಉತ್ತರ ಬಂದದ್ದು 1936ರಲ್ಲಿ. ದಕ್ಷಿಣ ಜರ್ಮನಿಯ ಶ್ಲೈನ್‌ಸೇ ಎಂಬ ಸಣ್ಣ ಸರೋವರದಲ್ಲಿ ವಿಲ್ಹೆಲ್ಮ್ ಐನ್ಸೆಲೆ ಅವರು ಕಬ್ಬಿಣ ಮತ್ತು ಫಾಸ್ಫೇಟ್‌ಗಳ ಏರಿಳಿತವನ್ನು ಜೊತೆಜೊತೆಯಾಗಿ ಅಳೆದರು. ಬೇಸಿಗೆಯಲ್ಲಿ ಆಮ್ಲಜನಕ ಮುಗಿದ ಕೆಳನೀರಿನಲ್ಲಿ ಎರಡೂ ಏರುತ್ತಿದ್ದವು. ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಸರೋವರ ಬುಡಮೇಲಾಗಿ ಬೆರೆತಾಗ ಎರಡೂ ಒಟ್ಟಿಗೆ ಕುಸಿಯುತ್ತಿದ್ದವು. ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗುವಾಗ ಫಾಸ್ಫೇಟನ್ನು ಸೆರೆಹಿಡಿದು ತಳಕ್ಕೆ ಒಯ್ಯುತ್ತಿತ್ತು.

ಈ ಸೂತ್ರವನ್ನು ಕೈಗೆತ್ತಿಕೊಂಡವರು ನಾವು ಮೊದಲು ಹೆಸರಿಸಿದ ಮಾರ್ಟಿಮರ್. 1911ರಲ್ಲಿ ಹುಟ್ಟಿದ ಇವರು ಮ್ಯಾಂಚೆಸ್ಟರಿನಲ್ಲಿ ಓದಿ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು 1935ರಲ್ಲಿ ಬ್ರಿಟನ್ನಿನ ಸಿಹಿನೀರು ಜೀವವಿಜ್ಞಾನ ಸಂಘವನ್ನು ಸೇರಿದರು. 1929ರಲ್ಲಿ ಸ್ಥಾಪನೆಯಾದ ಆ ಸಂಘದ ಪ್ರಯೋಗಶಾಲೆ ವಿಂಡರ್‌ಮಿಯರ್ ಸರೋವರದ ದಂಡೆಯ ರೇ ಕ್ಯಾಸಲ್ ಎಂಬ ಕಟ್ಟಡದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಕೋಟೆಯಂತೆ ಕಾಣಲೆಂದು ಕಟ್ಟಿಸಿದ ಮನೆಯದು. ಅಲ್ಲಿಂದ ಎಸ್ತ್‌ವೇಟ್ ಕೆಲವೇ ಕಿಲೋಮೀಟರ್ ದೂರ.

ಮಾರ್ಟಿಮರ್ ಎದುರಿಸಿದ ಮೊದಲ ಕಷ್ಟ, ಕೆಸರನ್ನು ಕಲಕದೆ ಮೇಲೆತ್ತುವುದು. ಕೆಸರಿನ ಮೇಲ್ಮೈಯ ಕೆಲವು ಮಿಲಿಮೀಟರುಗಳಲ್ಲಿಯೇ ಎಲ್ಲವೂ ನಡೆಯುತ್ತದೆ. ಬಕೆಟ್ ಇಳಿಸಿ ಬಾಚಿದರೆ ಆ ಪದರವೇ ಹಾಳಾಗುತ್ತದೆ. ಜೆಂಕಿನ್ ಎಂಬ ಎಂಜಿನಿಯರೊಬ್ಬರ ಜೊತೆಗೂಡಿ ಅವರು ಕೆಸರನ್ನೂ ಅದರ ಮೇಲಿನ ನೀರನ್ನೂ ಗಾಜಿನ ಕೊಳವೆಯಲ್ಲಿ ಇದ್ದಂತೆಯೇ ಹಿಡಿದು ತರುವ ಸಾಧನವನ್ನು ಬಳಕೆಗೆ ತಂದರು. ಆಮೇಲೆ ಪ್ರಯೋಗಶಾಲೆಯಲ್ಲಿ ಎರಡು ತೊಟ್ಟಿಗಳು. ಎರಡರಲ್ಲೂ ಅದೇ ಕೆಸರು, ಅದರ ಮೇಲೆ ನೀರು. ಒಂದಕ್ಕೆ ಗಾಳಿ ಆಡುವಂತೆ ಬಿಟ್ಟರು. ಇನ್ನೊಂದನ್ನು ಗಾಳಿ ಸೋಕದಂತೆ ಮುಚ್ಚಿದರು. ಐದು ತಿಂಗಳಷ್ಟು ಕಾಲ ಎರಡನ್ನೂ ಅಳೆಯುತ್ತ ಬಂದರು.

ಗಾಳಿಯಾಡಿದ ತೊಟ್ಟಿಯ ಕೆಸರಿನ ಮೇಲೆ ಕಂದು ಬಣ್ಣದ ತೆಳ್ಳನೆಯ ಪೊರೆ ಹಾಗೆಯೇ ಉಳಿಯಿತು. ನೀರಿಗೆ ಹೆಚ್ಚೇನೂ ಬಿಡುಗಡೆಯಾಗಲಿಲ್ಲ. ಮುಚ್ಚಿದ ತೊಟ್ಟಿಯಲ್ಲಿ ಮಾತ್ರ, ಆಮ್ಲಜನಕ ಲೀಟರಿಗೆ ಸುಮಾರು 2 ಮಿಲಿಗ್ರಾಮಿಗಿಂತ ಕೆಳಗೆ ಇಳಿದ ಬಳಿಕ ಒಂದು ಕ್ರಮದಲ್ಲಿ ಬದಲಾವಣೆಗಳು ನಡೆದವು. ಮೊದಲು ನೈಟ್ರೇಟ್ ಮಾಯವಾಯಿತು. ಆಮೇಲೆ ಮ್ಯಾಂಗನೀಸ್ ಕರಗತೊಡಗಿತು. ಅದರ ಹಿಂದೆಯೇ ಕಂದು ಪೊರೆ ಕರಗಿತು. ಕಬ್ಬಿಣವೂ ಫಾಸ್ಫೇಟೂ ಅಮೋನಿಯವೂ ನೀರಿಗೆ ನುಗ್ಗಿದವು. ಆ ಪೊರೆ ತುಕ್ಕಿನದು. ಅದು ಇರುವವರೆಗೆ ಕೆಸರಿನೊಳಗಿನ ಫಾಸ್ಫೇಟಿಗೆ ಬಾಗಿಲು ಮುಚ್ಚಿರುತ್ತದೆ; ಅದು ಕರಗಿದರೆ ಬಾಗಿಲು ತೆರೆಯುತ್ತದೆ. ಈ ಫಲಿತಾಂಶಗಳನ್ನು ಮಾರ್ಟಿಮರ್ 1941 ಮತ್ತು 1942ರಲ್ಲಿ ಎರಡು ಭಾಗಗಳ ದೀರ್ಘ ಪ್ರಬಂಧವಾಗಿ ಪ್ರಕಟಿಸಿದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮುಂದೆ ಅವರೂ ನೌಕಾ ಇಲಾಖೆಯ ಸಮುದ್ರದ ಅಲೆಗಳ ಸಂಶೋಧನೆಗೆ ಹೋಗಬೇಕಾಯಿತು. ತೊಂಬತ್ತೊಂಬತ್ತು ವರ್ಷ ಬದುಕಿ 2010ರಲ್ಲಿ ತೀರಿಕೊಂಡರು.

ಇದರ ರಸಾಯನವನ್ನು ಎರಡು ಮಾತಿನಲ್ಲಿ ಹೇಳಬಹುದು. ಕಬ್ಬಿಣಕ್ಕೆ ನೀರಿನಲ್ಲಿ ಎರಡು ಅವಸ್ಥೆಗಳು. ಆಮ್ಲಜನಕವಿದ್ದಲ್ಲಿ ಅದು ಫೆರಿಕ್. ಕರಗದು, ಕಂದು ಚೂರುಗಳಾಗಿ ಬೀಳುತ್ತದೆ, ಫಾಸ್ಫೇಟನ್ನು ಹಿಡಿದಿಡುತ್ತದೆ. ಆಮ್ಲಜನಕವಿಲ್ಲದಲ್ಲಿ ಅದು ಫೆರಸ್. ಕರಗುತ್ತದೆ, ಹಿಡಿತ ಸಡಿಲಿಸುತ್ತದೆ. ಶುದ್ಧ ಸರೋವರವೊಂದರ ಲೀಟರ್ ನೀರಿನಲ್ಲಿ ಇರುವ ರಂಜಕ ಹತ್ತು ಮೈಕ್ರೋಗ್ರಾಮಿಗಿಂತಲೂ ಕಡಿಮೆ. ಪಾಚಿಯ ಬೆಳವಣಿಗೆಗೆ ಕಡಿವಾಣ ಹಾಕುವುದು ಸಾಮಾನ್ಯವಾಗಿ ಈ ಕೊರತೆಯೇ. ಹಾಗಿರುವಾಗ ಕೆಸರಿನಿಂದ ಬರುವ ಅಲ್ಪವೂ ಅಲ್ಪವಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ ಇದೊಂದು ವಿಷಚಕ್ರ: ಪಾಚಿ ಹೆಚ್ಚಿದಷ್ಟೂ ಕೊಳೆಯುವುದು ಹೆಚ್ಚು, ಕೊಳೆತಷ್ಟೂ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದಷ್ಟೂ ಕಬ್ಬಿಣದ ಹಿಡಿತ ಸಡಿಲ, ಹಿಡಿತ ಸಡಿಲಿದಷ್ಟೂ ಪಾಚಿ ಹೆಚ್ಚು.

ಮಾರ್ಟಿಮರ್ ಹಾಕಿದ ಅಡಿಪಾಯದ ಮೇಲೆ ಮುಂದಿನವರು ಹಲವು ಅಂಶಗಳನ್ನು ಸೇರಿಸಿದರು. ಗಂಧಕದ ಪಾತ್ರ ಅವುಗಳಲ್ಲಿ ಮುಖ್ಯವಾದುದು. ಆಮ್ಲಜನಕವೂ ಫೆರಿಕ್ ಕಬ್ಬಿಣವೂ ಮುಗಿದ ಬಳಿಕ ಕೆಸರಿನ ಬ್ಯಾಕ್ಟೀರಿಯಗಳು ಸಲ್ಫೇಟನ್ನು ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಅದು ಕಬ್ಬಿಣವನ್ನು ಹಿಡಿದು ಕಪ್ಪು ಐರನ್ ಸಲ್ಫೈಡ್ ಆಗುತ್ತದೆ. ಹಾಗೆ ಗಂಧಕದ ಪಾಲಾದ ಕಬ್ಬಿಣ ರಂಜಕದ ಕಾವಲಿಗೆ ಒದಗುವುದಿಲ್ಲ. ಇನ್ನೊಂದು ಅಂಶ 1987ರಲ್ಲಿ ತಿಳಿಯಿತು. ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು, ಆಮ್ಲಜನಕದ ಬದಲು ಫೆರಿಕ್ ಕಬ್ಬಿಣವನ್ನೇ ‘ಉಸಿರಾಡುವ’ ಬ್ಯಾಕ್ಟೀರಿಯವನ್ನು ಪ್ರತ್ಯೇಕಿಸಿದರು. ತುಕ್ಕಿನ ಪೊರೆಯನ್ನು ಕರಗಿಸುವುದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಅದು ಜೀವಿಗಳ ಕೆಲಸ ಎಂಬುದು ಇದರಿಂದ ಗಟ್ಟಿಯಾಯಿತು. ನೀಲಿ-ಹಸಿರು ಪಾಚಿಗೂ ಕಬ್ಬಿಣ ಬೇಕು. ಗಾಳಿಯ ಸಾರಜನಕವನ್ನು ಹಿಡಿಯುವ ಅದರ ಕಿಣ್ವದಲ್ಲಿ ಕಬ್ಬಿಣವಿದೆ. ಆದುದರಿಂದ ಕೆಳಗಿನಿಂದ ಬಾಗಿಲು ತೆರೆದಾಗ ಅದಕ್ಕೆ ಎರಡು ಪಟ್ಟು ಹಬ್ಬ.

ಕೆಸರು ಇನ್ನೊಂದು ಅರ್ಥದಲ್ಲಿಯೂ ಚರಿತ್ರೆ. ಇದೇ ಸರೋವರ ಸೀಮೆಯಲ್ಲಿ ಮ್ಯಾಕೆರೆತ್ ಅವರು ಹಲವು ಮೀಟರ್ ಉದ್ದದ ಕೆಸರಿನ ಕಂಬಗಳನ್ನು ಹೊರತೆಗೆದು, ಪದರ ಪದರವಾಗಿ ಕಬ್ಬಿಣ ಮತ್ತು ಮ್ಯಾಂಗನೀಸನ್ನು ಅಳೆದು, 1966ರಲ್ಲಿ ಹಿಮಯುಗದ ನಂತರದ ಸರೋವರಗಳ ಕಥೆಯನ್ನು ಬರೆದರು. ಸುತ್ತಣ ಬೆಟ್ಟಗಳ ಮಣ್ಣು ಯಾವಾಗ ಕೊಚ್ಚಿತು, ಅಲ್ಲಿನ ಮಣ್ಣಿನಲ್ಲಿ ಆಮ್ಲಜನಕ ಯಾವಾಗ ಕಡಿಮೆಯಾಯಿತು ಎಂಬುದು ಆ ಪದರಗಳಲ್ಲಿ ದಾಖಲಾಗಿದೆ. ಶಾಸನವಿಲ್ಲದ ಕಾಲದ ದಫ್ತರ ಅದು.

ಇನ್ನು ಈ ತಿಳಿವಳಿಕೆ ಪರೀಕ್ಷೆಗೆ ಒಳಗಾದ ಎರಡು ಊರುಗಳಿಗೆ ಬರೋಣ. ಮೊದಲನೆಯದು ಸ್ಮೋಲಾಂಡಿನಲ್ಲಿಯೇ ಇದೆ. ವೆಕ್ಷೋ ಪಟ್ಟಣದ ಟ್ರುಮ್ಮೆನ್ ಸರೋವರ ಸುಮಾರು ಒಂದು ಚದರ ಕಿಲೋಮೀಟರ್ ವಿಸ್ತಾರದ, ಆಳವಿಲ್ಲದ ನೀರು. ದಶಕಗಳ ಕಾಲ ಊರಿನ ಕೊಳಚೆ ಕುಡಿದು ಅದು ಕೆಟ್ಟಿತು. 1950ರ ದಶಕದ ಕೊನೆಯಲ್ಲಿ ಕೊಳಚೆಯನ್ನು ಬೇರೆಡೆಗೆ ತಿರುಗಿಸಿದರು. ಹತ್ತು ವರ್ಷ ಕಾದರೂ ಸರೋವರ ತಿಳಿಯಾಗಲಿಲ್ಲ. ಕೊಳಚೆಯ ಕಾಲದ ಕಪ್ಪು ಕೆಸರು ತನ್ನ ಬಾಕಿಯನ್ನು ತೀರಿಸುತ್ತಲೇ ಇತ್ತು. ಲುಂಡ್ ವಿಶ್ವವಿದ್ಯಾಲಯದ ಸ್ವೆನ್ ಬ್ಯೋರ್ಕ್ ಅವರ ಮುಂದಾಳುತನದಲ್ಲಿ 1970 ಮತ್ತು 1971ರಲ್ಲಿ ವರ್ಷಕ್ಕೆ ಅರ್ಧ ಮೀಟರಿನಂತೆ ಒಟ್ಟು ಒಂದು ಮೀಟರ್ ಕೆಸರನ್ನು ಹೀರಿ ತೆಗೆದರು. ನೀರು ತಿಳಿಯಾಯಿತು. ತೆಗೆದ ಕೆಸರು ಒಣಗಿ ಊರಿನ ಹುಲ್ಲುಹಾಸುಗಳಿಗೆ ಗೊಬ್ಬರವಾಯಿತು.

ಎರಡನೆಯದು ಬರ್ಲಿನ್ನಿನ ಅಂಚಿನ ಗ್ರೋಸ್ ಗ್ಲೀನಿಕರ್ ಸರೋವರ. ಪೂರ್ವ ಮತ್ತು ಪಶ್ಚಿಮಗಳ ನಡುವಿನ ಗಡಿ ಈ ನೀರಿನ ಮೇಲೆಯೇ ಹಾದುಹೋಗಿತ್ತು. ಗೋಡೆ ಬಿದ್ದು ದೇಶ ಒಂದಾದ ಬಳಿಕ, 1992-93ರ ಚಳಿಗಾಲದಲ್ಲಿ, ಸರೋವರಕ್ಕೆ ಚದರ ಮೀಟರಿಗೆ ಸುಮಾರು 500 ಗ್ರಾಂ ಲೆಕ್ಕದಲ್ಲಿ ಕಬ್ಬಿಣವನ್ನು ಹಾಕಿದರು. ಗಂಧಕಕ್ಕೆ ಕೊಟ್ಟ ಮೇಲೂ ರಂಜಕಕ್ಕೆ ಸಾಕಷ್ಟು ಉಳಿಯಬೇಕು ಎಂಬುದು ಲೆಕ್ಕಾಚಾರ. ನೀರಿನ ರಂಜಕ ತಗ್ಗಿತು. ಎರಡು ದಶಕಗಳ ಬಳಿಕವೂ ತಗ್ಗಿಯೇ ಇತ್ತು. ಆ ಕೆಸರಿನಲ್ಲಿ ವಿವಿಯನೈಟ್ ಎಂಬ ಖನಿಜ ಬೆಳೆದಿರುವುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಾಳಿಗೆ ಒಡ್ಡಿದಾಗ ನೀಲಿಯಾಗುವ ಈ ಖನಿಜ, ಆಮ್ಲಜನಕವಿಲ್ಲದಲ್ಲಿಯೂ ರಂಜಕವನ್ನು ಬಿಡದೆ ಹಿಡಿದಿಡುವ ಕಬ್ಬಿಣದ ಫಾಸ್ಫೇಟ್.

ನಮ್ಮ ನಾಡಿಗೂ ಈ ಕಥೆಗೂ ಒಂದು ಬಹು ಹಳೆಯ ಕೊಂಡಿಯಿದೆ. ಇಂಡೋನೇಷ್ಯದ ಸುಲವೇಸಿ ದ್ವೀಪದಲ್ಲಿ ಮತಾನೊ ಎಂಬ, ಸುಮಾರು 590 ಮೀಟರ್ ಆಳದ ಸರೋವರವಿದೆ. ಅದರ ಆಳದ ನೀರಿನಲ್ಲಿ ಆಮ್ಲಜನಕವಿಲ್ಲ, ಸಲ್ಫೇಟ್ ಬಹಳ ಕಡಿಮೆ, ಕರಗಿದ ಕಬ್ಬಿಣ ಹೇರಳ. ಭೂಮಿಯ ಆದಿಕಾಲದ ಸಾಗರ ಹೇಗಿದ್ದಿರಬೇಕೋ ಹಾಗಿರುವ ನೀರು ಇದೆಂದು ವಿಜ್ಞಾನಿಗಳು ಅಲ್ಲಿಗೆ ಹೋಗುತ್ತಾರೆ. ಅಂತಹ ಸಾಗರದಲ್ಲಿ ಕರಗಿದ್ದ ಕಬ್ಬಿಣವೇ ತಳಕ್ಕಿಳಿದು ಪಟ್ಟೆಪಟ್ಟೆಯ ಶಿಲೆಯಾಗಿ, ಸಂಡೂರಿನಲ್ಲಿ, ಬಾಬಾಬುಡನ್ ಗಿರಿಗಳಲ್ಲಿ, ಕುದುರೆಮುಖದಲ್ಲಿ 250 ಕೋಟಿ ವರ್ಷಗಳಿಗೂ ಹಿಂದಿನಿಂದ ನಿಂತಿದೆ. ಎಸ್ತ್‌ವೇಟಿನ ಕೊಳವೆಯಲ್ಲಿ ಮಿಲಿಮೀಟರ್ ದಪ್ಪದ ಪೊರೆಯಾಗಿ ಕಂಡದ್ದು ಸಂಡೂರಿನಲ್ಲಿ ಬೆಟ್ಟವಾಗಿದೆ.

ಹಳೆಯ ಮೈಸೂರಿನ ಕೆರೆಗಳ ಕಥೆ ಇದಕ್ಕಿಂತ ಹತ್ತಿರದ್ದು. ಅಲ್ಲಿನ ಕೆಂಪು ಮಣ್ಣಿನ ಕೆಂಪು ಕಬ್ಬಿಣದ ತುಕ್ಕೇ. ಮಳೆಯಲ್ಲಿ ಕೊಚ್ಚಿ ಬಂದ ಆ ಮಣ್ಣು ಕೆರೆಯ ತಳದಲ್ಲಿ ಗೋಡಾಗಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿ ಆ ಗೋಡನ್ನು ಹೊಲಗಳಿಗೆ ಹೊಡೆಯುತ್ತಿದ್ದರು. ಫಸಲಿಗೆ ಒಳ್ಳೆಯದು ಎಂಬುದು ಅವರ ಲೆಕ್ಕ. ಸರೋವರ ವಿಜ್ಞಾನದ ಲೆಕ್ಕದಲ್ಲಿ ಅದು ಟ್ರುಮ್ಮೆನ್ ಚಿಕಿತ್ಸೆಯೇ: ಕಬ್ಬಿಣದೊಡನೆ ಅಂಟಿ ಕುಳಿತ ರಂಜಕ ನೀರಿನಿಂದ ಹೊರಗೆ ಹೋಗಿ ಮಣ್ಣಿಗೆ ಮರಳುತ್ತಿತ್ತು. ಬಿಸಿಲಿಗೆ ಒಡ್ಡಿಕೊಂಡು ಬಿರಿದ ಕೆರೆಯಂಗಳ ಗಾಳಿ ಕುಡಿದು ಮತ್ತೆ ಕೆಂಪಾಗುತ್ತಿತ್ತು.

ಈಗ ನಮ್ಮ ನಗರಗಳ ಕೆರೆಗಳು ಬತ್ತುವುದೇ ಇಲ್ಲ. ವರ್ಷವಿಡೀ ಕೊಳಚೆ ಅವನ್ನು ತುಂಬಿಡುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನು ದೇಶವೆಲ್ಲ ನೋಡಿತು. ನಾವು ಹೊರನಾಡಿನ ಕನ್ನಡಿಗರು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿಯೋ ಮುಂಬಯಿಯ ಪೊವಾಯಿಯ ಸುತ್ತಲೋ ಸಂಜೆ ನಡೆದಾಡುವವರು. ಆ ನೀರಿನ ಶುದ್ಧೀಕರಣದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುವವರು. ಕೊಳಚೆಗೆ ತಡೆ ಬೀಳುತ್ತದೆ, ಕಳೆ ಕೀಳುತ್ತಾರೆ, ಕಾರಂಜಿ ಹಾಕುತ್ತಾರೆ. ಮರುವರ್ಷ ನೀರು ಹಸಿರಾದರೆ ಹಣ ನುಂಗಿದರೆಂದು ಆಡಿಕೊಳ್ಳುತ್ತೇವೆ. ಕೆಲವೊಮ್ಮೆ ಆ ಮಾತು ನಿಜವೂ ಇರಬಹುದು. ಆದರೆ ತಳದ ಲೆಕ್ಕ ತೆಗೆಯದೆ ಮೇಲಿನ ಲೆಕ್ಕ ಮುಗಿಸಿದ ಯಾವ ಪ್ರಾಮಾಣಿಕ ಯೋಜನೆಗೂ ಅದೇ ಗತಿ ಬರಬಹುದೆಂದು ಟ್ರುಮ್ಮೆನ್ನಿನ ಹತ್ತು ವರ್ಷಗಳು ಹೇಳುತ್ತವೆ. ಕೊಳಚೆ ತಡೆಯುವುದು ಮೊದಲ ಕೆಲಸ. ಅದಿಲ್ಲದೆ ಬೇರಾವುದೂ ನಿಲ್ಲದು. ಆಮೇಲೆ ಕೇಳಬೇಕಾದದ್ದು ಕೆಸರಿನಲ್ಲಿ ರಂಜಕವೆಷ್ಟು, ಗಂಧಕವೆಷ್ಟು, ಅವೆರಡಕ್ಕೂ ಸಾಲುವಷ್ಟು ಕಬ್ಬಿಣ ಉಳಿದಿದೆಯೇ ಎಂದು. ಇದಕ್ಕೆ ಉತ್ತರ ಸಿಕ್ಕ ಮೇಲೆಯೇ ಹೂಳೆತ್ತಬೇಕೋ, ಗಾಳಿ ಆಡಿಸಬೇಕೋ, ಕಬ್ಬಿಣ ಹಾಕಬೇಕೋ ಎಂಬ ನಿರ್ಧಾರ.

ಕೆರೆಯ ಸ್ಥಿತಿಯನ್ನು ನಾವು ಸಾಮಾನ್ಯವಾಗಿ ನೀರಿನ ಬಣ್ಣ ನೋಡಿ ಹೇಳುತ್ತೇವೆ. ದಂಡೆಯ ಕೆಸರನ್ನು ಒಂದು ಕಡ್ಡಿಯಿಂದ ಕೆದಕಿ ನೋಡುವುದೂ ಲೇಸು. ಮೇಲ್ಪದರ ಕಂದಾಗಿದ್ದರೆ ಕಾವಲು ಇನ್ನೂ ಇದೆ. ಮೇಲಿನಿಂದಲೇ ಕಪ್ಪಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ, ಕಬ್ಬಿಣವನ್ನು ಗಂಧಕ ಒಯ್ದಿದೆ ಎಂದು ತಿಳಿಯಬೇಕು.